ನಮ್ಮ ಮನೆಗೆ ಬಂದ ಎರಡು ಗಣಕಯಂತ್ರಗಳು

ಗೃಹಸ್ಥನು ಹಸುವನ್ನು ಕೊಳ್ಳುವಾಗ ಹಲ್ಲನ್ನೂ ಕೆಚ್ಚಲನ್ನೂ ನೋಡುತ್ತಾನೆ. ಅಕ್ಕಿಯನ್ನು ಕೊಳ್ಳುವಾಗ ನಾಲ್ಕು ಕಾಳನ್ನು ಬಾಯಿಗೆ ಹಾಕಿಕೊಂಡು ಪರೀಕ್ಷಿಸುತ್ತಾನೆ. ಮೂವತ್ತೈದು ವರ್ಷ ಉಪಾಧ್ಯಾಯನಾಗಿದ್ದು ನಿವೃತ್ತನಾದ ನಾನು ಮನೆಗೆ ಗಣಕಯಂತ್ರವನ್ನು ತಂದಾಗ ನೋಡಿದುದು ಬೆಲೆಯ ಚೀಟಿಯೊಂದನ್ನೇ. ಈ ಸಂಗತಿಯನ್ನು ಬರೆಯುವುದಕ್ಕೆ ನನಗೆ ಸಂಕೋಚವಿಲ್ಲದೆ ಇಲ್ಲ. ಆದರೂ ನನ್ನಂಥ ಗೃಹಸ್ಥರು ಇನ್ನೂ ಕೆಲವರು ಇರಬಹುದೆಂದು ಬರೆಯುತ್ತಿದ್ದೇನೆ.

ನಾವು ಚನ್ನಪಟ್ಟಣದವರು. ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಈಗ ದನಗಳಿಲ್ಲ. ಅಲ್ಲಿ ನನ್ನ ಮಗನು ಎರಡು ಲೇತುಗಳನ್ನು ಹಾಕಿಕೊಂಡು ಆಲೆಮರದ ಬೊಂಬೆಗಳನ್ನು ಕಡೆಯುತ್ತಾನೆ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗನ್ನು ಒತ್ತಿ, ಕೇದಗೆಯ ಗರಿಯಿಂದ ತಿಕ್ಕಿ ಹೊಳಪು ಬರಿಸುವುದು ಅವನ ಪಾಲಿನ ಕೆಲಸ. ಬೊಂಬೆಗಳ ಭಾವಚಿತ್ರ ತೆಗೆಯುವುದು, ಕೇಳಿದವರಿಗೆ ದರವನ್ನು ಬರೆದು ಕಳುಹಿಸುವುದು, ಬಿಲ್ಲು ಮಾಡುವುದು, ತೆರಿಗೆಯ ಲೆಕ್ಕವನ್ನು ಇಡುವುದು, ಇವೆಲ್ಲವೂ ಸೊಸೆಯ ಪಾಲಿನವು. ಇದನ್ನೆಲ್ಲ ಅವಳು ಫೋನಿನಲ್ಲಿಯೂ ನೋಟುಬುಕ್ಕಿನಲ್ಲಿಯೂ ಮಾಡುತ್ತಿದ್ದುದನ್ನು ಕಂಡು ನನಗೆ ಮರುಕ ಹುಟ್ಟಿತು. 2024ರ ದಸರೆಯ ಸಮಯದಲ್ಲಿ ಯಾರಿಗೂ ಹೇಳದೆ ರಾಮನಗರಕ್ಕೆ ಹೋಗಿ ಒಂದು ಅಂಗಡಿಯಲ್ಲಿ 17,000 ರೂಪಾಯಿಗೆ ಹೊಸ ಲ್ಯಾಪ್‌ಟಾಪು ಒಂದನ್ನು ತಂದೆನು. ಹಗುರವಾಗಿ, ಅಂದವಾಗಿ, ಪಾಟಿಯ ಗಾತ್ರದಲ್ಲಿತ್ತು. ಆಯುಧಪೂಜೆಯಲ್ಲಿ ಲೇತುಗಳ ಪಕ್ಕದಲ್ಲಿ ಅದಕ್ಕೂ ಕುಂಕುಮವಾಯಿತು.

ಒಂದು ವರ್ಷ ಕಳೆಯಿತು. ಯಾವುದೋ ಹಳೆಯ ರಸೀದಿಯನ್ನು ಹುಡುಕುತ್ತಿದ್ದಾಗ ಬಿಸ್ಕತ್ತಿನ ಡಬ್ಬವೊಂದರಲ್ಲಿ ಸಣ್ಣ ಸಣ್ಣ ಚೀಟಿಗಳ ಕಟ್ಟು ನನ್ನ ಕೈಗೆ ಸಿಕ್ಕಿತು. ಎಲ್ಲವೂ ಪೇಟೆಯ ಕಂಪ್ಯೂಟರ್ ಅಂಗಡಿಯವು: ಟೈಪು 40, ಪ್ರಿಂಟು 10, ಬಿಲ್ಲು 30. ಲೆಕ್ಕದ ಮೇಷ್ಟರ ಚಟ, ಕುಳಿತು ಕೂಡಿದೆನು. 6,240 ರೂಪಾಯಿ ಆಯಿತು.

“ಏನಮ್ಮ ಇದು? ಮನೆಯಲ್ಲಿ ಯಂತ್ರವಿದ್ದೂ ಹೊರಗೆ ಏಕೆ ಹೋಗುತ್ತೀಯೆ?” ಎಂದು ಕೇಳಿದೆನು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾವ, ನೀವು ಪೆನ್ಷನ್ ಹಣದಲ್ಲಿ ಪ್ರೀತಿಯಿಂದ ತಂದದ್ದು. ಅದು ಕೆಲಸಕ್ಕೆ ಬರುವುದಿಲ್ಲವೆಂದು ನಾನು ಹೇಗೆ ಹೇಳಲಿ?” ಎಂದಳು.

ಆ ಮಾತು ನನ್ನನ್ನು ಆ ದಿನವೆಲ್ಲ ಬಿಡಲಿಲ್ಲ. ಸಂಜೆ ಅವಳನ್ನು ಯಂತ್ರದ ಮುಂದೆ ಕೂರಿಸಿ, ದಿನವೂ ಮಾಡುವಂತೆ ಮಾಡಿ ತೋರಿಸೆಂದೆನು. ಬಿಲ್ಲಿನ ಹಾಳೆಯನ್ನು ತೆರೆದಳು. ಅದರ ಜೊತೆಗೆ ಬೊಂಬೆಗಳ ಚಿತ್ರಗಳನ್ನು ತೆರೆದಳು. ಮೂರನೆಯದಾಗಿ ತೆರಿಗೆಯ ಜಾಲತಾಣವನ್ನು ತೆರೆಯುವಷ್ಟರಲ್ಲಿ ಯಂತ್ರವು ಮೂರ್ಛೆ ಹೋದಂತಾಯಿತು. ನಾನು ಕಾಫಿ ಕುಡಿದು ಲೋಟವನ್ನು ತೊಳೆದಿಟ್ಟು ಬಂದರೂ ಚೇತರಿಸಿಕೊಂಡಿರಲಿಲ್ಲ. ಮೇಲಾಗಿ, ಜಾಗವಿಲ್ಲ, ಇರುವುದನ್ನು ಅಳಿಸಿರಿ ಎಂಬ ಎಚ್ಚರಿಕೆ ಬೇರೆ.

ಕಾರಣವನ್ನು ಅನಂತರ ತಿಳಿದುಕೊಂಡೆನು. ಗಣಕಯಂತ್ರದಲ್ಲಿ ಕಾಗದಗಳನ್ನು ಹರಡಿಕೊಂಡು ಕೆಲಸ ಮಾಡುವ ಮೇಜು ಒಂದು, ಕೆಲಸ ಮುಗಿದಮೇಲೆ ಎತ್ತಿಡುವ ಬೀರು ಒಂದು ಎಂದಿಟ್ಟುಕೊಳ್ಳಿ. ಮೇಜಿಗೆ ರ‍್ಯಾಮ್ ಎನ್ನುತ್ತಾರೆ. ನಾನು ತಂದುದರಲ್ಲಿ ಅದು 4 ಜಿ.ಬಿ., ಬೀರು 64 ಜಿ.ಬಿ.; ಅದರಲ್ಲಿಯೂ ಬಹುಭಾಗವನ್ನು ವಿಂಡೋಸ್ ವ್ಯವಸ್ಥೆಯೇ ಆಕ್ರಮಿಸಿಕೊಂಡಿತ್ತು. ಈ ಎರಡು ಅಳತೆಗಳೂ ವಿಂಡೋಸ್ 11ಕ್ಕೆ ಅದರ ಕಂಪನಿಯೇ ಹೇಳಿರುವ ಕನಿಷ್ಠ ಪ್ರಮಾಣಗಳು. ಕನಿಷ್ಠವೆಂದರೆ ಉಸಿರಾಡುವುದಕ್ಕೆ ಸಾಕು, ಓಡುವುದಕ್ಕೆ ಸಾಲದು. ಎರಡನ್ನೂ ಹಲಗೆಗೆ ಬೆಸೆದುಬಿಟ್ಟಿದ್ದರಿಂದ ಮುಂದೆ ದೊಡ್ಡದು ಮಾಡಿಕೊಳ್ಳುವ ದಾರಿಯೂ ಇರಲಿಲ್ಲ. ಅಂಗಡಿಯವನನ್ನು ನಾನು ದೂರುವುದಿಲ್ಲ. ಏನು ಕೆಲಸಕ್ಕೆಂದು ಅವನು ಕೇಳಿದ್ದನು. ‘ಸಾಮಾನ್ಯ ಮನೆಗೆಲಸಕ್ಕೆ’ ಎಂದು ನಾನೇ ಹೇಳಿದ್ದೆನು. ಸೊಸೆಯು ಮಾಡುವುದು ಸಾಮಾನ್ಯವಾದ ಕೆಲಸವೆಂದು ನಿರ್ಣಯಿಸಲು ನಾನು ಯಾರು?

ಅಗ್ಗದ ಗಣಕಯಂತ್ರದ ಹಂಬಲ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವರು ವಿದ್ವಾಂಸರು ಎಂಕೋರ್ ಎಂಬ ಕಂಪನಿಯೊಡನೆ ಸೇರಿ ‘ಸಿಂಪ್ಯೂಟರ್’ ಎಂಬ ಕೈಯಂತ್ರವನ್ನು ರೂಪಿಸಿದರು. 2004ರಲ್ಲಿ ಅದು ಸುಮಾರು 10,000 ರೂಪಾಯಿಯಿಂದ ಮೊದಲಾದ ಬೆಲೆಗೆ ಪೇಟೆಗೆ ಬಂದಿತು. ಓದುಬಾರದವನಿಗೂ ದಕ್ಕಬೇಕೆಂದು ಕನ್ನಡದಲ್ಲಿ ಮಾತನಾಡುವ ಏರ್ಪಾಡನ್ನೂ ಅದಕ್ಕಾಗಿ ಮಾಡಿದ್ದರು. ಉದ್ದೇಶವು ಘನವಾದುದು, ಆದರೂ ಅದು ಹೆಚ್ಚು ಮಾರಾಟವಾಗಲಿಲ್ಲ. ಅಗ್ಗವಾದ ಮಾತ್ರಕ್ಕೆ ಯಂತ್ರವು ಮನೆಯಲ್ಲಿ ನೆಲೆಯೂರುವುದಿಲ್ಲವೆಂಬುದನ್ನು ನಾನು ಇದರಿಂದಲಾದರೂ ಕಲಿಯಬಹುದಾಗಿತ್ತು.

ಎರಡನೆಯ ಸಲ ಮೊದಲು ಒಂದು ಹಾಳೆಯನ್ನು ಸೊಸೆಯ ಕೈಗೆ ಕೊಟ್ಟು, ವಾರದಲ್ಲಿ ಏನೇನು ಮಾಡುತ್ತೀಯೆ, ಬರೆ ಎಂದೆನು. ಅವಳು ಬರೆದುದರಲ್ಲಿ ನಾನು ಊಹಿಸದೆ ಇದ್ದ ಎರಡು ಮಾತುಗಳಿದ್ದುವು. ಒಂದು: “ಅಕ್ಷರ ದೊಡ್ಡದಾಗಿ ಕಾಣಬೇಕು, ರಾತ್ರಿ ಅಡಿಗೆಮನೆಯ ಕೆಲಸ ಮುಗಿದಮೇಲೆ ಕೂರುವುದು, ಕಣ್ಣು ಉರಿಯುತ್ತದೆ.” ಇನ್ನೊಂದು: “ಹೊತ್ತುಕೊಂಡು ಹೋಗುವ ಅಗತ್ಯವಿಲ್ಲ.” ಲ್ಯಾಪ್‌ಟಾಪಿನ ಬೆಲೆಯಲ್ಲಿ ಒಂದು ಪಾಲು ಹೊತ್ತುಕೊಂಡು ಹೋಗುವ ಅನುಕೂಲಕ್ಕಾಗಿ ಕೊಡುವುದು. ಅದು ಬೇಡವೆಂದಾದ ಮೇಲೆ ಅದೇ ಹಣಕ್ಕೆ ಹೆಚ್ಚು ಶಕ್ತಿಯ ಮೇಜಿನ ಯಂತ್ರವೇ ದೊರೆಯುತ್ತದೆ.

2025ರ ನವೆಂಬರಿನಲ್ಲಿ ಇಬ್ಬರೂ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಎಸ್. ಪಿ. ರಸ್ತೆಯನ್ನು ಸೇರಿದೆವು. ದೊಡ್ಡ ಕಚೇರಿಗಳು ಕೆಲವು ವರ್ಷ ಬಳಸಿ ಬಿಟ್ಟ ಯಂತ್ರಗಳನ್ನು ಶುದ್ಧಿಮಾಡಿ ಮಾರುವ ಅಂಗಡಿಗಳು ಅಲ್ಲಿ ಸಾಲಾಗಿವೆ. 7,000 ರೂಪಾಯಿಗೇ ಒಂದನ್ನು ತೋರಿಸಿದರು. ಸೊಸೆಯು ನನಗಿಂತ ಮೊದಲೇ ಓದಿಕೊಂಡು ಬಂದಿದ್ದಳು, “ಇದು ಎಷ್ಟನೆಯ ತಲೆಮಾರಿನದು?” ಎಂದು ಕೇಳಿದಳು. ಏಳನೆಯದು. ಇಂಟೆಲ್ ಯಂತ್ರವಾದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರು ಮತ್ತು ಅದರ ಮುಂದಿನವು ಮಾತ್ರ ವಿಂಡೋಸ್ 11ಕ್ಕೆ ಅರ್ಹವಾದುವು. ಹಿಂದಿನ ವಿಂಡೋಸ್ 10ಕ್ಕೆ ಕಳ್ಳರಿಂದ ಕಾಪಾಡುವ ಉಚಿತ ತಿದ್ದುಪಡಿಗಳು 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯವಾಗಿ ನಿಂತುಹೋದುವು. ಬ್ಯಾಂಕಿನ ವ್ಯವಹಾರ ನಡೆಯುವ ಯಂತ್ರಕ್ಕೆ ಅಂಥ ಬಾಗಿಲು ಸಲ್ಲದು.

ಕೊನೆಗೆ ಎಂಟನೆಯ ತಲೆಮಾರಿನದನ್ನು ಆರಿಸಿದೆವು. ಮೇಜು 8 ಜಿ.ಬಿ., ಬೀರು 256 ಜಿ.ಬಿ. ಬೀರು ಹಳೆಯ ಕಾಲದ ತಿರುಗುವ ತಟ್ಟೆಯದಲ್ಲ, ಎಸ್.ಎಸ್.ಡಿ. ಎಂಬುದು. ಬಳಸಿದ ಯಂತ್ರದಲ್ಲಿ ಬೇರೆ ಯಾವುದಕ್ಕೆ ಚೌಕಾಸಿ ಮಾಡಿದರೂ ಇದೊಂದನ್ನು ಮಾತ್ರ ಬಿಡಬಾರದು. ಯಂತ್ರವು ಏಳುವ ವೇಗದಲ್ಲಿ ಎತ್ತಿನ ಗಾಡಿಗೂ ಮೋಟಾರಿಗೂ ಇರುವ ಅಂತರವಿದೆ. ಸೊಸೆಯು ತನ್ನ ಬಿಲ್ಲಿನ ಹಾಳೆಯನ್ನೂ ಚಿತ್ರಗಳನ್ನೂ ಪೆನ್‌ಡ್ರೈವಿನಲ್ಲಿ ತಂದಿದ್ದಳು. ಅಂಗಡಿಯಲ್ಲಿಯೇ ಎಲ್ಲವನ್ನೂ ಒಟ್ಟಿಗೆ ತೆರೆದು ನೋಡಿದಳು. ವಿಂಡೋಸ್ ಅಧಿಕೃತವಾದುದೇ ಎಂಬುದನ್ನು ಸೆಟ್ಟಿಂಗ್ಸಿನಲ್ಲಿ ಪರೀಕ್ಷಿಸಿದಳು. ಆರು ತಿಂಗಳ ಹೊಣೆಯನ್ನು ಬಿಲ್ಲಿನ ಮೇಲೆಯೇ ಬರೆಯಿಸಿಕೊಂಡಳು. ನಾನು ಚೀಲವನ್ನು ಹಿಡಿದುಕೊಂಡು ನಿಂತಿದ್ದೆನು.

ಕನ್ನಡದ ಪರೀಕ್ಷೆಯೂ ಆಯಿತು. ಪೇಟೆಯ ಅಂಗಡಿಯಲ್ಲಿ ಹಳೆಯ ನುಡಿ ಅಕ್ಷರಗಳಲ್ಲಿ ಟೈಪು ಮಾಡಿಸಿದ್ದ ಕಾಗದಗಳು ಇಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡುವು; ಅವನ್ನು ಯೂನಿಕೋಡಿಗೆ ಪರಿವರ್ತಿಸಬೇಕಾಯಿತು. ಈಗ ಅವಳು ಯೂನಿಕೋಡಿನಲ್ಲಿಯೇ ಬರೆಯುತ್ತಾಳೆ, ಕೆ. ಪಿ. ರಾಯರ ಕೀಲಿಮಣೆ ವಿನ್ಯಾಸದಲ್ಲಿ. ಒತ್ತಕ್ಷರಕ್ಕೆ ನಡುವೆ ‘ಎಫ್’ ಕೀಲಿಯನ್ನು ಒತ್ತಬೇಕೆಂಬುದನ್ನು ನನಗೂ ಕಲಿಸಿದ್ದಾಳೆ. ನಾನು ಮಂದಶಿಷ್ಯ.

ಖರ್ಚಿನ ವಿವರ: ಯಂತ್ರಕ್ಕೆ 13,500, ಬಳಸಿದ ದೊಡ್ಡ ಪರದೆಗೆ 3,200, ಕೀಲಿಮಣೆ ಮತ್ತು ಮೌಸಿಗೆ 800, ಯು.ಪಿ.ಎಸ್.ಗೆ 3,000, ಒಟ್ಟು 20,500 ರೂಪಾಯಿ. ಕೊನೆಯದು ದುಂದೆಂದು ಮಗನು ಗೊಣಗಿದನು. ಆದರೆ ಮೇಜಿನ ಯಂತ್ರಕ್ಕೆ ಲ್ಯಾಪ್‌ಟಾಪಿನಂತೆ ಒಳಗೆ ಬ್ಯಾಟರಿಯಿಲ್ಲ. ಕರೆಂಟು ಹೋದೊಡನೆ ಬರೆಯುತ್ತಿದ್ದುದೂ ಹೋಗುತ್ತದೆ. ಪ್ರಿಂಟರನ್ನು ಮಾತ್ರ ಕೊಳ್ಳಲಿಲ್ಲ. ಅಪರೂಪಕ್ಕೆ ಬಳಸಿದರೆ ಶಾಯಿ ಒಣಗಿ ಕಟ್ಟಿಕೊಳ್ಳುತ್ತದೆ. ತಿಂಗಳಿಗೆ ಹತ್ತು ಹಾಳೆಗೆ ಪೇಟೆಯ ಅಂಗಡಿಯೇ ಅಗ್ಗ. ನಮ್ಮ ಮನೆಯ ವಿಶೇಷ ತೊಂದರೆಯೆಂದರೆ ಮರದ ಪುಡಿ. ಯಂತ್ರದ ಬೀಸಣಿಗೆಯು ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆದುದರಿಂದ ಅದಕ್ಕೆ ದೇವರಮನೆಯ ಪಕ್ಕದ ಕೋಣೆಯಲ್ಲಿ, ನೆಲದಿಂದ ಎತ್ತರದಲ್ಲಿ ಸ್ಥಾನ ಕೊಟ್ಟಿದ್ದೇವೆ. ಆರಿಸಿದ ಮೇಲಷ್ಟೇ ಬಟ್ಟೆ ಹೊದಿಸುತ್ತೇವೆ.

ಮೊದಲನೆಯ ಲ್ಯಾಪ್‌ಟಾಪು ಕನಕಪುರದ ನನ್ನ ಅಕ್ಕನ ಮನೆಗೆ ಹೋಯಿತು. ಭಾವನವರು ಒಂದು ಸಲಕ್ಕೆ ಒಂದನ್ನೇ ನೋಡುವವರು: ಬೆಳಿಗ್ಗೆ ಪತ್ರಿಕೆ, ಎಂದಾದರೊಮ್ಮೆ ತಮ್ಮ ಜಮೀನಿನ ಪಹಣಿ, ರಾತ್ರಿ ದೂರದ ಮೊಮ್ಮಗಳ ಮುಖ. ಅವರಿಗೆ ಅದು ಚಿನ್ನದಂಥ ಯಂತ್ರ. ಎಸ್. ಪಿ. ರಸ್ತೆಯಲ್ಲಿ ನಾವು ಬಿಟ್ಟುಬಂದ 7,000 ರೂಪಾಯಿಯದನ್ನೋ, ಮಾಗಡಿಯಲ್ಲಿ ಡಿಪ್ಲೊಮಾ ಓದುತ್ತಿರುವ ನನ್ನ ಮಗಳ ಮಗನು ಹೋಗಿ ಕೊಂಡು ತಂದು, ಲಿನಕ್ಸ್ ಮಿಂಟ್ ಎಂಬ ಉಚಿತ ವ್ಯವಸ್ಥೆಯನ್ನು ತಾನೇ ಹಾಕಿಕೊಂಡು ಪಾಠ ಕಲಿಯುತ್ತಿದ್ದಾನೆ.

ಸೊಸೆಯು ಈಗ ಹಳೆಯ ನೋಟುಬುಕ್ಕುಗಳ ಲೆಕ್ಕವನ್ನು ರಾತ್ರಿ ಒಂದೊಂದು ಪುಟವಾಗಿ ಯಂತ್ರಕ್ಕೆ ಏರಿಸುತ್ತಿದ್ದಾಳೆ. ಹೀಗೆ ಏರಿಸುವಾಗ ಒಬ್ಬ ವ್ಯಾಪಾರಿಯು ಎರಡು ವರ್ಷದಿಂದ 11,400 ರೂಪಾಯಿ ಉಳಿಸಿಕೊಂಡಿರುವುದು ಬಯಲಾಯಿತು.

“ಮಾವ, ಫೋನು ಮಾಡಲೇ, ಕಾಗದ ಬರೆಯಲೇ?”

“ಕಾಗದವನ್ನೇ ಬರೆಯಮ್ಮ, ಲೆಕ್ಕದ ಹಾಳೆಯನ್ನೂ ಜೊತೆಗೆ ಇಡು” ಎಂದೆನು.

ಹದಿನೈದು ದಿನದಲ್ಲಿ 5,000 ಬಂದಿತು. ಉಳಿದುದಕ್ಕಾಗಿ ಎರಡನೆಯ ಕಾಗದವನ್ನು ನಿನ್ನೆ ಸಂಜೆ ಕಳುಹಿಸಿದ್ದಾಳೆ.