ಹಳೆಯ ರಾಶಿಯಲ್ಲಿ ಹೊಸ ಆಟ

ಬಿ.ದುರ್ಗದಿಂದ ಹೊಳಲ್ಕೆರೆ, ಚಿತ್ರದುರ್ಗ, ಹಿರಿಯೂರುಗಳನ್ನು ದಾಟಿ ಮೊಮ್ಮಗನೊಡನೆ ನಾವು ಬೆಂಗಳೂರಿಗೆ ಹೋದುದು ಚಿಕ್ಕಪೇಟೆ ಬಳಿಯ ಭಾನುವಾರದ ಬಜಾರಿಗಾಗಿ. ಅವನ ತಂದೆಯು ಬಾಲ್ಯದಲ್ಲಿ ಆಡಿದ ವಿಡಿಯೋ ಗೇಮ್ ಯಂತ್ರವು ಅಟ್ಟದ ಮೇಲೆ ದೊರೆತಿತ್ತು. ಕ್ಯಾಸೆಟ್ಟು ಮಾತ್ರ ಇರಲಿಲ್ಲ.

ಜಪಾನಿನ ನಿಂಟೆಂಡೊ ಸಂಸ್ಥೆಯು 1983ರಲ್ಲಿ 'ಫ್ಯಾಮಿಲಿ ಕಂಪ್ಯೂಟರ್' ಎಂಬ ಆಟದ ಯಂತ್ರವನ್ನು ಹೊರತಂದಿತು. ಅದರ ಅನುಕರಣೆಗಳು 1990ರ ದಶಕದಲ್ಲಿ ನಮ್ಮ ನಾಡಿನ ಮನೆಗಳನ್ನೂ ಪ್ರವೇಶಿಸಿದವು. ಅವುಗಳ ಕ್ಯಾಸೆಟ್ಟನ್ನು ಹಳೆಯ ಸಾಮಾನಿನ ರಾಶಿಗಳಲ್ಲಿಯೂ ಅರಸಬಹುದು.

ರೇಡಿಯೋ, ಗಡಿಯಾರ, ತಂತಿಗಳ ನಡುವೆ ಮೂರು ಕ್ಯಾಸೆಟ್ಟುಗಳು ಕಂಡವು. "ಆಡಿಸಿ ತೋರಿಸೋಕೆ ಇಲ್ಲಿ ಟಿ.ವಿ. ಇಲ್ಲ, ಯಜಮಾನ್ರೇ" ಎಂದನು ವ್ಯಾಪಾರಿ. ಹುಡುಗನು ಕೂಡಿಟ್ಟ ಹಣವೋ ಇನ್ನೂರೇ ರೂಪಾಯಿ! ಒಂದರ ಮೇಲೆ ಸಾವಿರಾರು ಆಟಗಳೆಂದು ಮುದ್ರಿಸಿತ್ತು. ಇಂಥವುಗಳಲ್ಲಿ ಕೆಲವೇ ಆಟಗಳು ಬೇರೆ ಬೇರೆ ಹೆಸರಿನಿಂದ ಮರುಕಳಿಸುವುದುಂಟು. ಇನ್ನೊಂದರ ತಳದ ಲೋಹದ ಪಟ್ಟಿಗಳಿಗೆ ಕಿಲುಬು ಹಿಡಿದಿತ್ತು. ಹುಡುಗನು ಚಿತ್ರ ಹರಿದಿದ್ದರೂ ಪಟ್ಟಿಗಳು ಶುಭ್ರವಾಗಿದ್ದ ಮೂರನೆಯದನ್ನೇ ಆರಿಸಿ, ಚೌಕಾಸಿ ಮಾಡಿ ನೂರಿಪ್ಪತ್ತಕ್ಕೆ ಪಡೆದನು.

ಊರಿಗೆ ಬಂದು ಜೋಡಿಸಲು ಆಟವು ಮೂಡಿತು. ಅಂದು ರಾತ್ರಿ ತಂದೆ ಮಗ ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತರು. ಬಂಧುಗಳೇ, ಅಟ್ಟದ ವಸ್ತುಗಳನ್ನು ಗುಜರಿಗೆ ಹಾಕುವ ಮುನ್ನ ಮಕ್ಕಳಿಗೊಮ್ಮೆ ತೋರಿಸಿರಿ.