ಬಿರಿಯುವ ಹಾಸಿನ ಮೇಲೆ ನಾಲ್ವರು

1937, ಮೇ 21. ನಾಲ್ಕು ಎಂಜಿನ್ನಿನ ದೈತ್ಯ ಸೋವಿಯತ್ ವಿಮಾನವೊಂದು ಮೋಡ ಸೀಳಿ ಕೆಳಗಿಳಿಯುತ್ತದೆ. ಕೆಳಗೆ ರನ್‌ವೇ ಇಲ್ಲ, ನೆಲವೂ ಇಲ್ಲ. ಇರುವುದು ಆರ್ಕ್ಟಿಕ್ ಸಾಗರ, ಅದರ ಮೇಲೊಂದು ಮಂಜುಗಡ್ಡೆಯ ಹಾಸು. ಪೈಲಟ್ ಮಿಖಾಯಿಲ್ ವೊದೊಪ್ಯಾನೊವ್ ಉತ್ತರ ಧ್ರುವವನ್ನು ದಾಟಿ ಸುಮಾರು 20 ಕಿಲೊಮೀಟರ್ ಆಚೆ ಸಪಾಟಾದ ಜಾಗವೊಂದನ್ನು ಗುರುತಿಸಿದ್ದಾನೆ. ಗಡ್ಡೆ ಎಷ್ಟು ದಪ್ಪ? ಟನ್ನುಗಟ್ಟಲೆ ಭಾರ ತಡೆಯುತ್ತದೆಯೇ? ಇಳಿದೇ ನೋಡಬೇಕು.

ಚಕ್ರಗಳ ಬದಲು ಕಟ್ಟಿದ ಸ್ಕೀ ಹಲಗೆಗಳು ಹಿಮಕ್ಕೆ ಬಡಿಯುತ್ತವೆ. ಬಾಲದಲ್ಲಿ ಪ್ಯಾರಾಚೂಟ್ ಬಿಚ್ಚಿಕೊಂಡು ವಿಮಾನವನ್ನು ಹಿಂದಕ್ಕೆ ಜಗ್ಗುತ್ತದೆ. ಹೊಯ್ದಾಡುತ್ತದೆ, ಜಾರುತ್ತದೆ, ನಿಲ್ಲುತ್ತದೆ. ಗಡ್ಡೆ ಬಿರಿಯಲಿಲ್ಲ. ಜನ ಹೊರಗೆ ಹಾರಿ ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಾರೆ.

ಆದರೆ ವಿಮಾನದ ರೇಡಿಯೊ ಸತ್ತುಹೋಗಿದೆ.

ಸುಮಾರು 900 ಕಿಲೊಮೀಟರ್ ದಕ್ಷಿಣಕ್ಕೆ, ಫ್ರಾಂಜ್ ಜೋಸೆಫ್ ದ್ವೀಪಸ್ತೋಮದ ರುಡಾಲ್ಫ್ ದ್ವೀಪದಲ್ಲಿ, ತಂಡದ ಉಳಿದ ವಿಮಾನಗಳು ಕಾದು ನಿಂತಿವೆ. ಅಲ್ಲಿನವರಿಗೆ ಕೇಳುತ್ತಿರುವುದು ಬರೀ ಗೊರಗೊರ. ವಿಮಾನ ಇಳಿಯಿತೋ, ಮುಳುಗಿತೋ? ಮಾಸ್ಕೋ ಉಸಿರು ಬಿಗಿಹಿಡಿದಿದೆ. ಇತ್ತ ಗಡ್ಡೆಯ ಮೇಲೆ ಎರ್ನ್‌ಸ್ಟ್ ಕ್ರೆಂಕೆಲ್ ಎಂಬ ರೇಡಿಯೊ ಆಪರೇಟರ್ ಪೆಟ್ಟಿಗೆ ಬಿಚ್ಚುತ್ತಾನೆ, ಕಂಬ ನೆಡುತ್ತಾನೆ, ತಂತಿ ಎಳೆಯುತ್ತಾನೆ. ಥಂಡಿಗೆ ಬ್ಯಾಟರಿಗಳು ಸೊರಗಿವೆ. ಸಣ್ಣ ಪೆಟ್ರೋಲ್ ಎಂಜಿನ್ ಕೆರಳಿಸಿ ಚಾರ್ಜ್ ಮಾಡುತ್ತಾನೆ. ಗಂಟೆಗಳು ಉರುಳುತ್ತವೆ. ರಾತ್ರಿಯಾದರೂ ಸೂರ್ಯ ಮುಳುಗದ ಆ ಜಾಗದಲ್ಲಿ, ಕೊನೆಗೊಮ್ಮೆ ಅವನ ಹೆಡ್‌ಫೋನಿನಲ್ಲಿ ರುಡಾಲ್ಫ್ ದ್ವೀಪದ ಉತ್ತರ ಟಿಕಟಿಕ ಎನ್ನುತ್ತದೆ.

ತೇಲುವ ಗಡ್ಡೆಯ ಮೇಲಿನ ‘ಉತ್ತರ ಧ್ರುವ’ ಸಂಶೋಧನಾ ಕೇಂದ್ರ ಬದುಕಿದೆ. ಇನ್ನು ಅದರಲ್ಲಿ ಮನುಷ್ಯರು ಬದುಕಬೇಕು.

ಉಳಿಯುವವರು ನಾಲ್ವರು. ನಾಯಕ ಇವಾನ್ ಪಪಾನಿನ್‌ಗೆ 42 ವರ್ಷ. ಗಿಡ್ಡ, ಗುಂಡು, ಮಾತುಗಾರ. ಅಡುಗೆಯೂ ಅವನದೇ, ಮೆಕ್ಯಾನಿಕ್ ಕೆಲಸವೂ ಅವನದೇ. ಪ್ಯೋತರ್ ಶಿರ್ಶೋವ್ ಸಾಗರ ಮತ್ತು ಜಲಜೀವಿಗಳನ್ನು ಬಲ್ಲವನು. 27ರ ಯೆವ್ಗೆನಿ ಫ್ಯೋದರೋವ್‌ನ ಪಾಲಿಗೆ ಹವಾಮಾನ, ಭೂಕಾಂತತೆ, ನಕ್ಷತ್ರ. ನಾಲ್ಕನೆಯವನು ಕ್ರೆಂಕೆಲ್. ಜತೆಗೆ ವೆಸ್ಯೋಲಿ ಎಂಬ ನಾಯಿ. ಕ್ರೆಂಕೆಲ್ ಮತ್ತು ಶಿರ್ಶೋವ್‌ಗೆ ಮಂಜಿನ ಮೇಲಿನ ವಾಸ ಹೊಸದಲ್ಲ. 1934ರ ಫೆಬ್ರುವರಿಯಲ್ಲಿ ಚೆಲ್ಯೂಸ್ಕಿನ್ ಹಡಗು ಗಡ್ಡೆಗಳ ನಡುವೆ ಸಿಕ್ಕಿ, ನುಜ್ಜಾಗಿ ಮುಳುಗಿದಾಗ ಗಡ್ಡೆಯ ಮೇಲೆ ಎರಡು ತಿಂಗಳು ಕಳೆದು ಬಂದವರಲ್ಲಿ ಈ ಇಬ್ಬರೂ ಇದ್ದರು. ಅಂದು ವಿಧಿ ದೂಡಿತ್ತು. ಈಗ ತಾವಾಗಿಯೇ ಬಂದಿದ್ದಾರೆ.

ಯಾಕೆ ಬಂದರು? ಆರ್ಕ್ಟಿಕ್‌ನ ಗಡ್ಡೆ ನಿಂತಲ್ಲಿ ನಿಲ್ಲುವುದಿಲ್ಲ, ಗಾಳಿ ಮತ್ತು ಸಾಗರದ ಹರಿವು ಅದನ್ನು ಹೊತ್ತು ಸಾಗುತ್ತವೆ ಎಂಬುದನ್ನು ನಾರ್ವೆಯ ನಾನ್ಸೆನ್ 1893ರಲ್ಲಿ ತನ್ನ ‘ಫ್ರಾಮ್’ ಹಡಗನ್ನು ಬೇಕೆಂದೇ ಗಡ್ಡೆಯಲ್ಲಿ ಹುದುಗಿಸಿ ತೋರಿಸಿದ್ದ. ಆದರೆ ಹಡಗು ಧ್ರುವಕ್ಕೆ ಮುಟ್ಟಲಿಲ್ಲ. ಧ್ರುವದಲ್ಲಿ ಸಾಗರ ಎಷ್ಟು ಆಳ? ಅಲ್ಲೇನಾದರೂ ನೆಲ ಅಡಗಿದೆಯೇ? ನೀರಿನಲ್ಲಿ ಜೀವವಿದೆಯೇ? ಉತ್ತರ ಬೇಕಿದ್ದರೆ ಹಡಗಿನ ಹಂಗು ಬಿಟ್ಟು ಗಡ್ಡೆಯನ್ನೇ ಹಡಗು ಮಾಡಿಕೊಳ್ಳಬೇಕು. ಅದಕ್ಕೆ ಚುಕ್ಕಾಣಿ ಇಲ್ಲ, ಲಂಗರಿಲ್ಲ, ಹಿಂದಿರುಗುವ ದಾರಿಯೂ ಇಲ್ಲ.

ಜೂನ್ 6. ಉಳಿದ ವಿಮಾನಗಳೂ ಬಂದು ಸಾಮಾನು ಇಳಿಸಿವೆ. ಈಗ ಎಲ್ಲವೂ ಹೊರಡುತ್ತವೆ. ಎಂಜಿನ್ನಿನ ಸದ್ದು ಕರಗುತ್ತದೆ. ಕಾಲಡಿಯಲ್ಲಿ 3 ಮೀಟರ್ ಗಡ್ಡೆ. ಅದರಡಿ 4 ಕಿಲೊಮೀಟರ್ ನೀರು.

ಮನೆ ಎಂದರೆ ಒಂದು ಡೇರೆ. 3.7 ಮೀಟರ್ ಉದ್ದ, 2.5 ಮೀಟರ್ ಅಗಲ. ಅಲ್ಯೂಮಿನಿಯಂ ಚೌಕಟ್ಟು, ಪದರಗಳ ನಡುವೆ ಹಕ್ಕಿಯ ತುಪ್ಪಳ. ಅಷ್ಟರಲ್ಲೇ ನಾಲ್ವರ ಹಾಸಿಗೆ, ರೇಡಿಯೊ, ಪುಸ್ತಕ, ಸೀಮೆಎಣ್ಣೆ ದೀಪ. ಮಲಗುವುದು ತುಪ್ಪಳದ ಚೀಲದೊಳಗೆ. ಪ್ರೈಮಸ್ ಸ್ಟೌವ್ ಭರ್ರೆನ್ನುವ ಅಡುಗೆಮನೆಯ ಗೋಡೆಯೂ ಹಿಮದ್ದೇ. ಊಟವನ್ನು ಮಾಸ್ಕೋದಲ್ಲೇ ಒಣಗಿಸಿ, ಪುಡಿಮಾಡಿ, ತಗಡಿನ ಡಬ್ಬಿಗಳಿಗೆ ತುಂಬಿ ಬೆಸುಗೆ ಹಾಕಿದ್ದಾರೆ. ಒಂದು ಡಬ್ಬಿ ಒಡೆದರೆ ನಾಲ್ವರಿಗೆ 10 ದಿನ. ಪಪಾನಿನ್ ಆ ಡಬ್ಬಿಗಳನ್ನು ಒಂದೇ ಕಡೆ ಪೇರಿಸುವುದಿಲ್ಲ. ಹಾಸಿನ ಬೇರೆಬೇರೆ ಮೂಲೆಗೆ ಹೊತ್ತು, ಬೇರೆಬೇರೆ ಉಗ್ರಾಣ ಮಾಡುತ್ತಾನೆ. ಗಡ್ಡೆ ಎಲ್ಲಿ ಬಿರಿದರೂ ಒಂದಾದರೂ ಉಳಿಯಲಿ. ಈ ಮುಂಜಾಗ್ರತೆ ಎಂಟು ತಿಂಗಳ ನಂತರ ಪ್ರಾಣ ಉಳಿಸಲಿದೆ.

ರೇಡಿಯೊಗೆ ವಿದ್ಯುತ್ತು ಬೇಕು. ಅದಕ್ಕೊಂದು ಗಾಳಿಯಂತ್ರ ನಿಂತಿದೆ. ಗಾಳಿ ಬೀಸಿದರೆ ಹಬ್ಬ. ಗಾಳಿ ಸತ್ತರೆ? ಮೈಬಲದಿಂದ ತಿರುಗಿಸುವ ಡೈನಮೊಗೆ ಕೂರಬೇಕು. ಸರದಿಯ ಮೇಲೆ ಬೆವರು ಸುರಿಸಬೇಕು. ಹಾಗೆ ಹುಟ್ಟಿದ ವಿದ್ಯುತ್ತಿನಲ್ಲಿ ಕ್ರೆಂಕೆಲ್ ದಿನದ ಹವಾಮಾನವನ್ನು ಗೊತ್ತಾದ ಹೊತ್ತಿಗೆ ಟಿಕಟಿಕಿಸುತ್ತಾನೆ. ಬಿರುಗಾಳಿ ಬಂತೆಂದು ಒಂದು ಹೊತ್ತೂ ತಪ್ಪಿಸುವಂತಿಲ್ಲ. ಆ ಬೇಸಿಗೆ ಮಾಸ್ಕೋದಿಂದ ಅಮೆರಿಕಕ್ಕೆ ಧ್ರುವದ ಮೇಲಿಂದಲೇ ನಿಲ್ಲದೆ ಹಾರುವ ಸಾಹಸ ನಡೆದಿದೆ. ಜೂನ್‌ನಲ್ಲಿ ವಲೇರಿ ಚಕಲೊವ್, ಜುಲೈನಲ್ಲಿ ಮಿಖಾಯಿಲ್ ಗ್ರೊಮೊವ್. ಚಕಲೊವ್‌ನ ವಿಮಾನ ನೆತ್ತಿಯ ಮೇಲೆ ಗುಂಯ್‌ಗುಟ್ಟಿದ್ದು ನಾಲ್ವರಿಗೂ ಕೇಳಿಸಿತು. ಕತ್ತೆತ್ತಿ ಹುಡುಕಿದರು. ಬರೀ ಮೋಡ.

ಆಗಸ್ಟ್‌ನಲ್ಲಿ ಮೂರನೆಯ ವಿಮಾನ ಹೊರಟಿತು. ಪೈಲಟ್ ಸಿಗಿಸ್ಮುಂಡ್ ಲೆವನೆವ್ಸ್ಕಿ. 13ರಂದು ಧ್ರುವ ದಾಟಿತು. ಒಂದು ಎಂಜಿನ್ ಕೆಟ್ಟಿದೆ ಎಂಬ ಸುದ್ದಿ ಬಂತು. ಆಮೇಲೆ ಮೌನ. ಕ್ರೆಂಕೆಲ್ ಹೆಡ್‌ಫೋನ್ ಕಿವಿಗೊತ್ತಿ ಹಗಲಿರುಳು ಆಲಿಸಿದ. ಒಂದು ಟಿಕ್ ಕೇಳಿಸಿದರೂ ಸಾಕಿತ್ತು. ಕೇಳಿಸಲಿಲ್ಲ. ಆರು ಜನರ ಸಮೇತ ಆ ವಿಮಾನ ಇಂದಿಗೂ ಪತ್ತೆಯಾಗಿಲ್ಲ.

ಈ ನಡುವೆ ಶಿರ್ಶೋವ್ ಗಡ್ಡೆಗೆ ತೂತು ಕೊರೆದಿದ್ದಾನೆ. ತೂತಿನ ಮೇಲೊಂದು ಕೈರಾಟೆ. ಸುತ್ತಿದ ಉಕ್ಕಿನ ತಂತಿಯ ತುದಿಗೆ ಭಾರ. ಬಿಡುತ್ತಾರೆ. ತಂತಿ ಇಳಿಯುತ್ತದೆ, ಇಳಿಯುತ್ತಲೇ ಇರುತ್ತದೆ. ಸಾವಿರ ಮೀಟರ್, ಎರಡು ಸಾವಿರ, ನಾಲ್ಕು ಸಾವಿರ. 4,290 ಮೀಟರಿನಲ್ಲಿ ತಳ ಮುಟ್ಟುತ್ತದೆ! ಧ್ರುವದ ಆಳವನ್ನು ಮನುಷ್ಯ ಮುಟ್ಟಿ ಅಳೆದದ್ದು ಇದೇ ಮೊದಲು. ಇನ್ನು ಮೇಲಕ್ಕೆಳೆಯಬೇಕು. ನಾಲ್ಕು ಕಿಲೊಮೀಟರ್ ಆಳದ ಬಾವಿಯಿಂದ ಕೊಡ ಸೇದಿದಂತೆ, ಗಂಟೆಗಟ್ಟಲೆ, ಸುತ್ತಿನ ಮೇಲೆ ಸುತ್ತು. ಇಬ್ಬರು ತಿರುಗಿಸುತ್ತಾರೆ, ಇಬ್ಬರು ದಮ್ಮು ತೆಗೆದುಕೊಳ್ಳುತ್ತಾರೆ. ಅಂಗೈ ಸುಲಿಯುತ್ತದೆ, ಸೊಂಟ ಸೋಲುತ್ತದೆ. ಇಷ್ಟನ್ನು ಒಮ್ಮೆ ಮಾಡಿ ಬಿಟ್ಟರೆ ಆಗಲಿಲ್ಲ. ಹಾಸು ಚಲಿಸುತ್ತಿದೆ, ಅಡಿಯ ಸಾಗರ ಬದಲಾಗುತ್ತಿದೆ. ಮತ್ತೆ ಬಿಡಬೇಕು, ಮತ್ತೆ ಎತ್ತಬೇಕು, ತಿಂಗಳ ಮೇಲೆ ತಿಂಗಳು. ಈ ಸಾಹಸದಲ್ಲಿ ಬಿರುಕು, ಕರಡಿ, ಬಿರುಗಾಳಿ ಎಲ್ಲ ಇವೆ, ನಿಜ. ನಾನು ಮಾತ್ರ ಮೊದಲು ತಲೆಬಾಗುವುದು ಈ ರಾಟೆಗೆ, ಅದನ್ನು ತಿರುಗಿಸಿದ ಎಂಟು ಕೈಗಳಿಗೆ.

ಆ ಕೈಗಳು ಎತ್ತಿ ತಂದದ್ದೇನು? ಮೇಲ್ಪದರದ ನೀರು ಸೊನ್ನೆಗಿಂತ ತಣ್ಣಗೆ. ಕೆಲವು ನೂರು ಮೀಟರ್ ಇಳಿದರೆ ಸೊನ್ನೆ ದಾಟಿದ ಬೆಚ್ಚನೆಯ ಪದರ. ಅಟ್ಲಾಂಟಿಕ್‌ನಿಂದ ನುಸುಳಿ ಬಂದ ನೀರು ಅದು, ಧ್ರುವದ ಅಡಿಗೂ ತಲುಪಿದೆ! ಬಲೆಯಲ್ಲಿ ಪ್ಲವಕಗಳು, ಸೂಕ್ಷ್ಮ ಸಸ್ಯಗಳು, ಸಣ್ಣ ಸೀಗಡಿಯಂಥ ಜೀವಿಗಳು. ಸತ್ತ ಮರುಭೂಮಿ ಎಂದುಕೊಂಡಿದ್ದ ನೀರು ಬದುಕಿನಿಂದ ತುಳುಕುತ್ತಿದೆ. ಜೀವಿಗಳನ್ನು ಕೆಡದಂತೆ ಇಡಲು ಮದ್ಯಸಾರ ಬೇಕು. ಪೆಟ್ಟಿಗೆಗಳನ್ನೆಲ್ಲ ತಡಕುತ್ತಾರೆ. ಇಲ್ಲ! ಅದು ರುಡಾಲ್ಫ್ ದ್ವೀಪದಲ್ಲೇ ಉಳಿದುಬಿಟ್ಟಿದೆ. ಪಪಾನಿನ್ ಸುಮ್ಮನೆ ಕೂರುವವನಲ್ಲ. ಕುಡಿಯಲು ತಂದಿದ್ದ ಕೊನ್ಯಾಕ್ ಬ್ರಾಂದಿಯನ್ನೇ ಭಟ್ಟಿ ಇಳಿಸುತ್ತಾನೆ. ವಿಜ್ಞಾನ ಮುಂದುವರಿಯುತ್ತದೆ.

ಬೇಸಿಗೆ ಬಲಿಯುತ್ತದೆ. ಮುಳುಗದ ಸೂರ್ಯನಿಗೆ ಹಿಮ ಕರಗಿ ಹಾಸಿನ ಮೇಲೆ ಕೆರೆಗಳೇ ಏಳುತ್ತವೆ. ಅಡುಗೆಮನೆಗೆ ನೀರು ನುಗ್ಗುತ್ತದೆ. ಡೇರೆಯ ನೆರಳಿನ ಹಿಮ ಕರಗದೆ, ಸುತ್ತಲಿನದು ಕರಗಿ, ಡೇರೆ ದಿಬ್ಬದ ಮೇಲೆ ಕುಳಿತಂತಾಗುತ್ತದೆ. ರಬ್ಬರ್ ಬೂಟು ತೊಟ್ಟು ಓಡಾಟ. ಕೆಲವೆಡೆ ಗಾಳಿ ತುಂಬಿದ ದೋಣಿಯಲ್ಲಿ ಹುಟ್ಟು ಹಾಕಬೇಕು. ಸಾಗರದ ಮೇಲೆ ಗಡ್ಡೆ, ಗಡ್ಡೆಯ ಮೇಲೆ ಕೆರೆ, ಕೆರೆಯ ಮೇಲೆ ದೋಣಿ. ಸಾಮಾನು ಎತ್ತಿ ಎತ್ತರಕ್ಕಿಡುತ್ತಾರೆ. ಮತ್ತೆ ನೀರು. ಮತ್ತೆ ಎತ್ತುತ್ತಾರೆ.

ಆಗಸ್ಟ್ 1. ಎಲ್ಲಿಂದಲೋ ಕರಡಿ! ತಾಯಿ, ಜತೆಗೆ ಎರಡು ಮರಿ. 88 ಡಿಗ್ರಿ ಅಕ್ಷಾಂಶದಲ್ಲಿ ಬಿಳಿಕರಡಿಯೇ? ವೆಸ್ಯೋಲಿ ಬೊಗಳುತ್ತದೆ, ಗಂಡಸರು ಬಂದೂಕಿಗೆ ಓಡುತ್ತಾರೆ. ಅಷ್ಟರಲ್ಲಿ ಕರಡಿಗಳು ಕಾಲ್ಕಿತ್ತಿವೆ. ಮಾಂಸ ತಪ್ಪಿತು, ಸಂಶೋಧನೆ ದಕ್ಕಿತು. ಕರಡಿ ಇದ್ದಲ್ಲಿ ಸೀಲ್, ಸೀಲ್ ಇದ್ದಲ್ಲಿ ಮೀನು. ಆ ಸರಪಳಿ ಧ್ರುವದ ತನಕ ಹಬ್ಬಿದೆ.

ಅಕ್ಟೋಬರ್‌ನಲ್ಲಿ ಸೂರ್ಯ ಮುಳುಗಿದ. ಮತ್ತೆ ಮೂಡುವುದು ಫೆಬ್ರುವರಿಗೆ. ಸೀಮೆಎಣ್ಣೆ ದೀಪದ ಮಸಿ ಮೂಗಿಗಿಳಿಯುತ್ತದೆ. ಉಸಿರು ಡೇರೆಯ ಬಟ್ಟೆಗೆ ತಾಗಿ ಹೆಪ್ಪುಗಟ್ಟುತ್ತದೆ. ಹೊರಗೆ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಫ್ಯೋದರೋವ್ ಕಗ್ಗತ್ತಲಲ್ಲಿ ನಕ್ಷತ್ರಕ್ಕೆ ಗುರಿಯಿಟ್ಟು ಉಪಕರಣ ತಿರುಗಿಸುತ್ತಾನೆ. ಬರಿಗೈ ಲೋಹಕ್ಕೆ ತಾಗಿದರೆ ಚರ್ಮ ಅಂಟುತ್ತದೆ. ಕೈಗವಸು ತೊಟ್ಟರೆ ತಿರುಪು ತಿರುಗುವುದಿಲ್ಲ. ಬಿಚ್ಚುತ್ತಾನೆ, ತಿರುಗಿಸುತ್ತಾನೆ, ಊದಿ ಬೆಚ್ಚಗಾಗಿಸುತ್ತಾನೆ, ಮತ್ತೆ ಬಿಚ್ಚುತ್ತಾನೆ. ಆಮೇಲೆ ಒಳಗೆ ಬಂದು ಲೆಕ್ಕ ಹಾಕುತ್ತಾನೆ. ನಾವೆಲ್ಲಿದ್ದೇವೆ?

ಲೆಕ್ಕ ಹೇಳುವುದು ಒಂದೇ ಮಾತು: ದಕ್ಷಿಣಕ್ಕೆ, ಎಣಿಸಿದ್ದಕ್ಕಿಂತ ವೇಗವಾಗಿ. ಗ್ರೀನ್‌ಲ್ಯಾಂಡ್ ಮತ್ತು ಸ್ಪಿಟ್ಸ್‌ಬರ್ಗೆನ್ ನಡುವಿನ ಬಾಗಿಲು ಅವರನ್ನು ಸೆಳೆಯುತ್ತಿದೆ. ಅದರಾಚೆ ಗ್ರೀನ್‌ಲ್ಯಾಂಡ್ ಸಮುದ್ರ. ಅಲ್ಲಿ ಗಡ್ಡೆಗಳು ಡಿಕ್ಕಿ ಹೊಡೆದು ಪುಡಿಯಾಗುತ್ತವೆ. ಜನವರಿಯಲ್ಲಿ ರಾತ್ರಿಯಿಡೀ ಹಾಸು ಕರಕರ ನರಳುತ್ತದೆ. ಸರದಿಯ ಕಾವಲು. ಜಾರುಬಂಡಿಗಳ ಮೇಲೆ ಸಾಮಾನು ಬಿಗಿದು ಸಿದ್ಧ. ಆರು ದಿನ ಬಿರುಗಾಳಿ ಬಿಡದೆ ಬಾರಿಸುತ್ತದೆ.

1938, ಫೆಬ್ರುವರಿ 1, ಬೆಳಿಗ್ಗೆ 8 ಗಂಟೆ. ಹಾಸು ಹರಿಯುತ್ತದೆ!

ಅರ್ಧ ಕಿಲೊಮೀಟರಿನಿಂದ 5 ಕಿಲೊಮೀಟರ್‌ವರೆಗಿನ ಬಿರುಕುಗಳು. ಇಳಿದಾಗ ಕಿಲೊಮೀಟರ್‌ಗಟ್ಟಲೆ ಹರಡಿದ್ದ ಮೈದಾನದಲ್ಲಿ ಅವರ ಪಾಲಿಗೆ ಉಳಿದದ್ದು 300 ಮೀಟರ್ ಉದ್ದ, 200 ಮೀಟರ್ ಅಗಲದ ತುಂಡು. ಎರಡು ಉಗ್ರಾಣಗಳು ಬಿರುಕಿನಾಚೆ. ಡೇರೆಯ ಅಡಿಗೇ ಬಿರುಕು ಬಂದಿದೆ. ಕತ್ತಲು, ಗಾಳಿ, ಚಿಮ್ಮುವ ನೀರು. ಓಡುತ್ತಾರೆ, ಎಳೆಯುತ್ತಾರೆ, ಎತ್ತುತ್ತಾರೆ. ಇಂಧನ ಬಂತು, ಆಹಾರ ಬಂತು, ವೀಕ್ಷಣೆಯ ದಾಖಲೆಗಳು ಭದ್ರ. ಕ್ರೆಂಕೆಲ್ ತಂತಿ ಕಳಿಸುತ್ತಾನೆ: ಹಾಸು ಒಡೆದಿದೆ, ಹಿಮದ ಮನೆಗೆ ಹೋಗುತ್ತೇವೆ, ನಮ್ಮ ಸ್ಥಾನ ಇವತ್ತೇ ತಿಳಿಸುತ್ತೇವೆ, ಸಂಪರ್ಕ ಕಡಿದರೆ ದಯವಿಟ್ಟು ಗಾಬರಿಯಾಗಬೇಡಿ. ಕಾಲಡಿಯ ನೆಲ ಸೀಳುತ್ತಿರುವಾಗ ದಡದವರಿಗೆ ಧೈರ್ಯ ಹೇಳುವ ಎದೆಗಾರಿಕೆ ನೋಡಿ!

ತುಂಡು ಇನ್ನೂ ಸವೆಯುತ್ತದೆ. ಕೊನೆಗೆ 50 ಮೀಟರ್, 30 ಮೀಟರ್. ರೇಷ್ಮೆ ಬಟ್ಟೆಯ ತೆಳು ಡೇರೆಯಲ್ಲಿ ವಾಸ. ಆದರೂ ಹವಾಮಾನದ ವರದಿ ಹೊತ್ತಿಗೆ ಸರಿಯಾಗಿ ಹೋಗುತ್ತಿದೆ. ಗಾಳಿಯ ವೇಗ, ಒತ್ತಡ, ಉಷ್ಣತೆ.

ಇತ್ತ ಇಡೀ ದೇಶ ಎದ್ದು ಓಡುತ್ತಿದೆ. ತೈಮೀರ್, ಮುರ್ಮಾನ್ ಹಡಗುಗಳು ಹೊರಟಿವೆ. ಹಿಮಭೇದಕ ಯೆರ್ಮಾಕ್ ಸಜ್ಜಾಗುತ್ತಿದೆ. ಫೆಬ್ರುವರಿ 5ರಂದು ವಿ-6 ಎಂಬ ವಾಯುನೌಕೆ ಮಾಸ್ಕೋದಿಂದ ಉತ್ತರಕ್ಕೆ ಏರಿತು. ಮರುದಿನ ಕಂದಲಾಕ್ಷದ ಬಳಿ, ಮಸುಕಿನಲ್ಲಿ ಬೆಟ್ಟಕ್ಕೆ ಬಡಿದು ಹೊತ್ತಿ ಉರಿಯಿತು. ಒಳಗಿದ್ದ 19 ಜನರಲ್ಲಿ 13 ಮಂದಿ ಸತ್ತರು. ನಾಲ್ವರನ್ನು ಕರೆತರಲು ಹೊರಟು ಹಿಂದಿರುಗದ ಆ ಹದಿಮೂವರೂ ಈ ಗಾಥೆಯವರೇ.

12ರ ಕತ್ತಲಲ್ಲಿ ದಿಗಂತದಂಚಿಗೆ ಒಂದು ಬೆಳಕು. ನಕ್ಷತ್ರವೇ? ಅಲ್ಲ, ತೈಮೀರ್‌ನ ಸರ್ಚ್‌ಲೈಟ್! ಆದರೆ ನಡುವೆ ಗಡ್ಡೆಗಳ ಕೋಟೆ. ಹಡಗು ಗುದ್ದುತ್ತದೆ, ಸಿಕ್ಕಿಕೊಳ್ಳುತ್ತದೆ, ಹಿಂದೆ ಸರಿದು ಮತ್ತೆ ಗುದ್ದುತ್ತದೆ. 16ರಂದು ಪೈಲಟ್ ಗೆನ್ನಾದಿ ವ್ಲಾಸೊವ್ ಪುಟ್ಟ ವಿಮಾನವನ್ನು ಪಕ್ಕದ ಗಡ್ಡೆಗೆ ತಂದಿಳಿಸುತ್ತಾನೆ. ಪಪಾನಿನ್ ಓಡಿ ಹೋಗಿ ಅವನನ್ನು ತಬ್ಬುತ್ತಾನೆ. ತಿಂಗಳುಗಳ ನಂತರ ಕಂಡ ಐದನೆಯ ಮುಖ. ಸದ್ಯಕ್ಕೆ ಯಾರೂ ವಿಮಾನ ಹತ್ತುವುದಿಲ್ಲ. ಹಡಗು ಬರುತ್ತಿದೆ, ಕೆಲಸ ಬಾಕಿಯಿದೆ.

ಫೆಬ್ರುವರಿ 19. ಎರಡೂ ಹಡಗುಗಳು ಗಡ್ಡೆಯಂಚಿಗೆ ಬಂದು ನಿಂತವು. ನಾವಿಕರು ಬಾವುಟ ಹಿಡಿದು ಮಂಜಿನ ಮೇಲೆ ಓಡಿ ಬಂದರು. ಕ್ರೆಂಕೆಲ್ ಕೊನೆಯ ಸಂದೇಶ ಕುಟ್ಟಿದ. 70 ಡಿಗ್ರಿ 54 ನಿಮಿಷ ಉತ್ತರ, 19 ಡಿಗ್ರಿ 48 ನಿಮಿಷ ಪಶ್ಚಿಮ. 274 ದಿನ, 2,500 ಕಿಲೊಮೀಟರಿಗೂ ಮೀರಿದ ತೇಲಾಟ, ನಾಲ್ಕು ಜೀವವೂ ಕ್ಷೇಮ, ನಾಯಿಯೂ ಕ್ಷೇಮ.

ಆಗ ಎದ್ದಿತು ಹೊಸ ಜಗಳ. ಇವರು ಹತ್ತಬೇಕಾದದ್ದು ಯಾರ ಹಡಗು? ತೈಮೀರ್‌ನವರು ನಮ್ಮದು ಎಂದರು, ಮುರ್ಮಾನ್‌ನವರು ನಮ್ಮದು ಎಂದರು. ಇಬ್ಬರೂ ಗಡ್ಡೆ ಒಡೆದು ಬಂದವರೇ, ಯಾರೂ ಬಿಡಲೊಲ್ಲರು. ಕೊನೆಗೆ ಚೀಟಿ ಎತ್ತಿದರು. ಪಪಾನಿನ್, ಕ್ರೆಂಕೆಲ್ ಮುರ್ಮಾನ್ ಪಾಲಿಗೆ. ಶಿರ್ಶೋವ್, ಫ್ಯೋದರೋವ್ ತೈಮೀರ್ ಪಾಲಿಗೆ.