ಕನ್ನಡಕ ಹಾಕಿಕೊಂಡ ಅಜ್ಜಿ

ಅಮೆರಿಕದ ಚಿತ್ರಕಲಾವಿದೆ ಆಲಿಸ್ ನೀಲ್ ತಮ್ಮದೇ ನಗ್ನ ಚಿತ್ರ ಬರೆದು ಮುಗಿಸಿದ್ದು 1980ರಲ್ಲಿ. ಹುಟ್ಟಿದ್ದು 1900ರಲ್ಲಿ, ವಯಸ್ಸು ನೀವೇ ಲೆಕ್ಕ ಹಾಕಿ. 1975ರಲ್ಲಿ ಶುರು ಮಾಡಿ, ನಡುವೆ ಬದಿಗಿಟ್ಟಿದ್ದರಂತೆ. ನೀಲಿ ಪಟ್ಟೆಯ ಕುರ್ಚಿ, ಬಿಳಿ ಕೂದಲು, ಜೋತುಬಿದ್ದ ಎದೆ, ಮುಂದೆ ಬಂದ ಹೊಟ್ಟೆ. ಮೈಮೇಲೆ ಬಟ್ಟೆ ಇಲ್ಲ, ಕನ್ನಡಕ ಮಾತ್ರ ಇದೆ. ನನಗೆ ಇಷ್ಟ ಆಗೋದು ಆ ಕನ್ನಡಕಾನೇ. ಸುಮ್ಮನೆ ನೋಡಿಸಿಕೊಳ್ಳೋಕೆ ಕೂತವರಿಗೆ ಕನ್ನಡಕ ಯಾಕೆ? ಈ ಅಜ್ಜಿ ನೋಡ್ತಿದ್ದಾರೆ. ಕೈಯಲ್ಲಿ ಕುಂಚಾನೂ ಇದೆ.

ನಾನೂ ಚಿತ್ರ ಬರೀತೀನಿ. ಸಿಸೇರಿಯನ್ ಆದಮೇಲೆ ಎರಡು ವರ್ಷ ಬರೀ ಗಿಡ, ಕಿಟಕಿ, ಮಗಳ ಚಪ್ಪಲಿ. ಹೋದ ಬೇಸಿಗೆಯಲ್ಲಿ ಬೀರು ಕನ್ನಡಿ ಮುಂದೆ ನಿಂತು ನನ್ನ ಹೊಟ್ಟೆ ಬರೆದೆ. ಹೊಲಿಗೆಯ ಗೆರೆ ಕೆಂಪು ಅಂದುಕೊಂಡಿದ್ದೆ, ಹತ್ತಿರದಿಂದ ನೋಡಿದ್ರೆ ನಸುನೇರಳೆ. ಅದರ ಮೇಲಿನ ಚರ್ಮ ಹಾಲಿನ ಕೆನೆ ಥರ ಸುಕ್ಕು. ಆ ಬಣ್ಣ ಕೂಡಿಸೋಕೆ ಮೂರು ರಾತ್ರಿ ಹಿಡೀತು. ಅಷ್ಟು ಹೊತ್ತೂ ಹೊಟ್ಟೆ ದಪ್ಪ ಆಗಿದೆ ಅನ್ನೋದು ತಲೆಗೇ ಬರಲಿಲ್ಲ, ನಿಜ ಹೇಳ್ತೀನಿ.

ಅಮ್ಮ ನೋಡಿ, "ಇದನ್ನ ಯಾವ ಗೋಡೆಗೆ ಹಾಕ್ತೀಯೇ?" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ನಂದು ಹೀಗೆ ಅಡ್ಡ ಇಲ್ಲ, ಉದ್ದಕ್ಕಿದೆ" ಅಂತ ಸೀರೆ ನೆರಿಗೆ ಸರಿಸಿ ತೋರಿಸಿದ್ರು. ನಾನು ಆಚೆ ಬಂದ ಜಾಗ ಅದು. ಮೂವತ್ತೊಂದು ವರ್ಷದಲ್ಲಿ ನಾನು ನೋಡೇ ಇರಲಿಲ್ಲ.

ಮುಂದಿನ ಚಿತ್ರಕ್ಕೆ ಕೂರ್ತೀಯೇನಮ್ಮ ಅಂತ ಕೇಳಿದೀನಿ. ಮುಖ ಬರೆಯಲ್ಲ ಅಂದ್ರೆ ಯೋಚನೆ ಮಾಡ್ತಾರಂತೆ.